ಚೀಟಿಯಲ್ಲಿ ಒಂದು ಹೆಸರು, ಕುಂಡದಲ್ಲಿ ಇನ್ನೊಂದು ಗಿಡ: ಸಾಗರದ ಒಂದು ಮನೆಯ ಫುಟ್‌ಬಾಲ್ ಲಿಲ್ಲಿ ಪ್ರಕರಣ

ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಹಿತ್ತಿಲ ಹಲಸಿನ ಮರದ ಬುಡದಲ್ಲಿ ಫುಟ್‌ಬಾಲ್ ಲಿಲ್ಲಿಯ ಹಳೆಯ ಹಿಂಡೊಂದಿದೆ. ಅದಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ನೀರು ಹಾಯಿಸುವುದಿಲ್ಲ. ಭರಣಿ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ತರಗೆಲೆ ಸರಿಸಿಕೊಂಡು ಕೆಂಪು ಚೆಂಡುಗಳು ಮೇಲೇಳುತ್ತವೆ. ಅದೇ ಮನೆಯ ಜಗುಲಿಯ ಅಂಚಿನಲ್ಲಿ, ದುಡ್ಡು ಕೊಟ್ಟು ತರಿಸಿದ ಗಡ್ಡೆಗಳ ಮೂರು ಕುಂಡಗಳಿದ್ದವು. ಅವಕ್ಕೆ ದಿನಾ ಆರೈಕೆ. ಎರಡು ಮಳೆಗಾಲ ಕಳೆದರೂ ಒಂದೂ ಹೂ ಬಿಟ್ಟಿರಲಿಲ್ಲ. ಮಾರ್ಗಶಿರದ ಚಳಿಯಲ್ಲಿ ಅವುಗಳ ಎಲೆ ಹಳದಿಯಾಗಿ ಮಗುಚಿಕೊಂಡಾಗ ಮನೆಯ ಯಜಮಾನಿ ನನಗೆ ಹೇಳಿ ಕಳುಹಿಸಿದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಈ ಬರಹದಲ್ಲೂ ಹಾಗೇ ಇರಲಿ.

ಅಕ್ಕನ ಪ್ರಶ್ನೆ ನೇರವಾಗಿತ್ತು. "ಹಿತ್ತಿಲದ್ದು ಊರ ಜಾತಿ, ಇದು ಬೇರೆ ಜಾತಿ ಅಂತ ಹೇಳಿ ಕೊಟ್ಟಿದ್ದು ಮಾರಾಯ. ಚೀಟಿಯಲ್ಲಿ ಬರೆದ ಹಾಗೇ ಮಾಡಿದ್ದೇನೆ. ಆದರೂ ಯಾಕೆ ಹೀಗೆ?"

ಚೀಟಿಯಲ್ಲಿ ಬರೆದದ್ದು ಇಷ್ಟು: ಹೀಮ್ಯಾಂಥಸ್ ಕ್ಯಾಥರೀನೆ. ವರ್ಷವಿಡೀ ಹಸಿರು. ಮಣ್ಣು ಒಣಗಲು ಬಿಡಬೇಡಿ.

ಕುಂಡಗಳ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಸಮಪಾಲು. ಮರಳು ಇಲ್ಲವೇ ಇಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟುವಷ್ಟು ತೇವ. ಗಡ್ಡೆಗಳನ್ನು ಗೇಣುದ್ದ ಆಳಕ್ಕೆ ಹೂತಿದ್ದರು. ಒಂದು ಕುಂಡದ ಗಡ್ಡೆಯ ಕತ್ತು ಬೆರಳಿಟ್ಟರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿತ್ತು, ಹುಳಿ ವಾಸನೆ ಬೇರೆ. ಉಳಿದೆರಡು ಗಟ್ಟಿಯಾಗಿದ್ದವು. ಎಲೆ ಹಳದಿಯಾದಷ್ಟೂ ಬಾಯಾರಿಕೆಯಿರಬೇಕೆಂದು ಅಕ್ಕ ನೀರು ಹೆಚ್ಚಿಸಿದ್ದರು. ಚೀಟಿಯನ್ನು ನಂಬಿದ ಯಾರಾದರೂ ಹಾಗೇ ಮಾಡುತ್ತಿದ್ದರು.

ಕೊಳೆತದ್ದು ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ ಕಾರಣವೂ ಅಲ್ಲೇ ಇತ್ತು. ನಾನು ಮಾತ್ರ ಮದ್ದು ಹೇಳುವ ಮೊದಲು ಗಿಡದ ಗುರುತು ಪತ್ತೆಯಾಗಬೇಕು ಎಂದೆ. ಈ ಗುಂಪಿನ ಗಿಡಗಳಲ್ಲಿ ಯಾವ ಉಪಪ್ರಭೇದ (ಒಂದೇ ಪ್ರಭೇದದೊಳಗಿನ ಕವಲು) ಎಂಬುದರ ಮೇಲೆ ನೀರಿನ ಲೆಕ್ಕ ನಿಂತಿದೆ. ಚೀಟಿ ಸರಿಯಾಗಿದ್ದರೆ ಎಲೆ ಒಣಗುವುದು ರೋಗದ ಲಕ್ಷಣ. ಚೀಟಿ ತಪ್ಪಾಗಿದ್ದರೆ ಎಲೆ ಒಣಗುವುದು ಗಿಡದ ಸಹಜ ಕ್ರಮ, ನೀರೇ ರೋಗ.

ಮೊದಲನೆಯದು ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು. ಹೀಮ್ಯಾಂಥಸ್ ಎಂಬ ಕುಲವನ್ನು ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸ್ಥಾಪಿಸಿದ. ನಮ್ಮ ಫುಟ್‌ಬಾಲ್ ಲಿಲ್ಲಿಯನ್ನು 1795ರಲ್ಲಿ ಥಾಮಸ್ ಮಾರ್ಟಿನ್ ಹೀಮ್ಯಾಂಥಸ್ ಮಲ್ಟಿಫ್ಲೋರಸ್ ಎಂದು ವರ್ಣಿಸಿದ. 1838ರಲ್ಲಿ ರಫಿನೆಸ್ಕ್ ಇದು ಬೇರೆಯೇ ಕುಲ ಎಂದು ಸ್ಕ್ಯಾಡೋಕ್ಸಸ್ ಹೆಸರಿಟ್ಟ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರು ಆ ಮಾತಿಗೆ ಕಿವಿಗೊಡಲಿಲ್ಲ. 1976ರಲ್ಲಿ ಇಬ್ ಫ್ರೀಸ್ ಮತ್ತು ಇಂಗರ್ ನೂರ್ಡಾಲ್ ಎರಡನ್ನೂ ಮತ್ತೆ ಬೇರ್ಪಡಿಸಿದರು. ಹೀಮ್ಯಾಂಥಸ್‌ನಲ್ಲಿ ಜೀವಕೋಶದೊಳಗಿನ ವರ್ಣತಂತುಗಳು (ಕ್ರೋಮೋಸೋಮ್) 16, ಸ್ಕ್ಯಾಡೋಕ್ಸಸ್‌ನಲ್ಲಿ 18. ಅಂದಿನಿಂದ ಸಸ್ಯಶಾಸ್ತ್ರದಲ್ಲಿ ಈ ವಿಂಗಡಣೆಯೇ ನಿಂತಿದೆ. ಗಿಡ ಮಾರುವವರ ಚೀಟಿಗಳಲ್ಲಿ ಇಂದಿಗೂ ಹಳೆಯ ಹೆಸರೇ ಓಡಾಡುತ್ತಿದೆ.

ವರ್ಣತಂತು ಎಣಿಸಲು ಸೂಕ್ಷ್ಮದರ್ಶಕ ಬೇಕು. ಅಂಗಳದಲ್ಲಿ ನಿಂತು ಇವೆರಡನ್ನು ಬೇರೆ ಮಾಡಲು ಎಲೆ ಸಾಕು. ಹೀಮ್ಯಾಂಥಸ್‌ನ ಎಲೆ ದಪ್ಪ, ರಸಭರಿತ. ನಡುನರ ಎದ್ದು ಕಾಣುವುದಿಲ್ಲ, ತೊಟ್ಟಿಲ್ಲ, ಸಾಮಾನ್ಯವಾಗಿ ಎರಡೇ ಎಲೆ. ದಕ್ಷಿಣ ಆಫ್ರಿಕಾದ ಹೀಮ್ಯಾಂಥಸ್ ಕಾಕ್ಸಿನಿಯಸ್‌ನ ಎರಡು ಎಲೆಗಳು ನೆಲಕ್ಕೆ ಅಂಟಿಕೊಂಡು ಹರಡುತ್ತವೆ. ಸ್ಕ್ಯಾಡೋಕ್ಸಸ್‌ನ ಎಲೆ ತೆಳು, ನಡುನರ ಸ್ಪಷ್ಟ, ಕೆಳಗೆ ತೊಟ್ಟು. ಆ ತೊಟ್ಟುಗಳ ಬುಡಗಳು ಒಂದರೊಳಗೊಂದು ಸುತ್ತಿಕೊಂಡು ಕಾಂಡದ ಹಾಗೆ ನಿಲ್ಲುತ್ತವೆ, ಬಾಳೆಯ ದಿಂಡಿನಂತೆ. ಕುಂಡದಲ್ಲಿ ಮಗುಚಿದ್ದ ಎಲೆಗಳಲ್ಲಿ ಇವೆಲ್ಲವೂ ಇದ್ದವು. ಬುಡದ ಮೇಲೆ ನೇರಳೆ ಮಿಶ್ರಿತ ಕಂದು ಚುಕ್ಕೆಗಳೂ ಇದ್ದವು. ಈ ಚುಕ್ಕೆಗಳನ್ನು ಅಕ್ಕ ರೋಗವೆಂದು ತಿಳಿದು ಒರೆಸಿ ನೋಡಿದ್ದರಂತೆ. ಅದು ಗಿಡದ ಸಹಜ ಬಣ್ಣ. ಮಳೆಗಾಲದ ಆರಂಭದಲ್ಲಿ ಈ ಚುಕ್ಕೆಯ ದಿಂಡು ಮೇಲೆದ್ದಾಗ ಸುವರ್ಣಗಡ್ಡೆಯ ಮೊಳಕೆ ಎಂದು ತಿಳಿಯುವವರಿದ್ದಾರೆ. ಅದು ಅಪಾಯದ ಗೊಂದಲ, ಮುಂದೆ ಹೇಳುತ್ತೇನೆ.

ಕುಲ ಸ್ಕ್ಯಾಡೋಕ್ಸಸ್ ಎಂದಾಯಿತು. ಅದರಲ್ಲಿ ಒಂಬತ್ತರಷ್ಟು ಪ್ರಭೇದಗಳಿವೆ, ಎಲ್ಲವೂ ಆಫ್ರಿಕಾ ಮೂಲದವು. ಮಲ್ಟಿಫ್ಲೋರಸ್ ಮಾತ್ರ ಕೆಂಪು ಸಮುದ್ರದ ಆಚೆ ಅರೇಬಿಯಾ ಪರ್ಯಾಯ ದ್ವೀಪದ ದಕ್ಷಿಣದವರೆಗೂ ಹಬ್ಬಿದೆ. ತೋಟಗಾರರ ಕೈಗೆ ಸಾಮಾನ್ಯವಾಗಿ ಸಿಗುವುದು ಎರಡು, ಮಲ್ಟಿಫ್ಲೋರಸ್ ಮತ್ತು ಪ್ಯೂನಿಸಿಯಸ್. ಹೂವಿದ್ದರೆ ಇವೆರಡನ್ನು ಗುರುತಿಸಲು ಕ್ಷಣ ಸಾಕು. ಮೊಗ್ಗುಗಳ ಗುಚ್ಛವನ್ನು ಹೊರಗಿನಿಂದ ಮುಚ್ಚಿಕೊಂಡಿರುವ ಹೊದಿಕೆ ಎಲೆಗಳನ್ನು ನೋಡಬೇಕು. ಪ್ಯೂನಿಸಿಯಸ್‌ನಲ್ಲಿ ಅವು ಅಗಲವಾಗಿ, ಬಣ್ಣದಿಂದ ತುಂಬಿ, ಹೂ ಅರಳಿದ ಮೇಲೂ ನೆಟ್ಟಗೆ ನಿಂತಿರುತ್ತವೆ. ಇಡೀ ಗುಚ್ಛ ಬಣ್ಣ ಬಳಿಯುವ ಕುಂಚದ ಆಕಾರಕ್ಕೆ ಬರುತ್ತದೆ. ಮಲ್ಟಿಫ್ಲೋರಸ್‌ನಲ್ಲಿ ಹೂಗಳು ಬಿರಿಯುವ ಹೊತ್ತಿಗೆ ಅವು ಬಾಡಿ ಕೆಳಕ್ಕೆ ಮಡಚಿಕೊಂಡಿರುತ್ತವೆ. ಅಡ್ಡ ಬರುವುದು ಏನೂ ಇಲ್ಲದ ಕಾರಣ ಹೂಗಳು ಎಲ್ಲ ದಿಕ್ಕಿಗೂ ಹರಡಿ ಪೂರ್ಣ ಗೋಳವಾಗುತ್ತವೆ. ಒಂದು ಗೋಳದಲ್ಲಿ ಹತ್ತರಿಂದ ಇನ್ನೂರು ಹೂಗಳಿರಬಹುದು. ಪ್ರತಿ ಹೂವಿಗೂ ಆರು ಕಿರಿದಾದ ಎಸಳು, ಹೊರಕ್ಕೆ ಚಾಚಿದ ಆರು ಕೇಸರ, ತುದಿಯಲ್ಲಿ ಹಳದಿ ಪರಾಗ. ಈ ಕೇಸರಗಳಿಂದಲೇ ಚೆಂಡಿಗೆ ಆ ನವಿರಾದ ಹೊರಮೈ ಬರುತ್ತದೆ.

ಹಿತ್ತಿಲ ಹಿಂಡಿನ ಹೂವಿನ ಚಿತ್ರಗಳು ಅಕ್ಕನ ಮಗಳ ಫೋನಿನಲ್ಲಿದ್ದವು. ಹೊದಿಕೆ ಎಲೆ ಮಡಚಿದ್ದು, ಗೋಳ ಪೂರ್ಣವಾಗಿದ್ದು, ಎಲ್ಲ ಸ್ಪಷ್ಟ. ಹಿತ್ತಿಲದ್ದು ಮಲ್ಟಿಫ್ಲೋರಸ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಕುಂಡದ್ದು ಹೂ ಬಿಟ್ಟಿಲ್ಲವಲ್ಲ, ಕಷ್ಟ ಇದ್ದದ್ದು ಅಲ್ಲಿ.

ಚೀಟಿಯಲ್ಲಿದ್ದ ಕ್ಯಾಥರೀನೆ ಕೂಡ ಸುಮ್ಮನೆ ಹುಟ್ಟಿಸಿದ ಹೆಸರಲ್ಲ. 1877ರಲ್ಲಿ ಸಸ್ಯಶಾಸ್ತ್ರಜ್ಞ ಬೇಕರ್ ಅದನ್ನು ಪ್ರತ್ಯೇಕ ಪ್ರಭೇದವಾಗಿ ವರ್ಣಿಸಿದ. ನಟಾಲ್‌ನಲ್ಲಿ ನೆಲೆಸಿ ಅಲ್ಲಿನ ಹೂಗಳ ಚಿತ್ರ ಬರೆಯುತ್ತಿದ್ದ ಕ್ಯಾಥರೀನ್ ಸಾಂಡರ್ಸ್ ಅವರ ಹೆಸರನ್ನು ಅದಕ್ಕಿಟ್ಟ. ಈಗ ಅದು ಸ್ಕ್ಯಾಡೋಕ್ಸಸ್ ಮಲ್ಟಿಫ್ಲೋರಸ್‌ನ ಒಂದು ಉಪಪ್ರಭೇದ. ಪ್ರಭೇದದ ಹೆಸರನ್ನೇ ಹೊತ್ತ ಮಲ್ಟಿಫ್ಲೋರಸ್ ಇನ್ನೊಂದು ಉಪಪ್ರಭೇದ. ಅಂದರೆ ಮಾರಿದವರು ಹೇಳಿದ 'ಬೇರೆ ಜಾತಿ' ಎಂಬ ಮಾತು ಒಂದು ವೇಳೆ ನಿಜವಾಗಿದ್ದರೂ ಎರಡೂ ಒಂದೇ ಪ್ರಭೇದದ ಮಕ್ಕಳೇ. ಮೂರನೆಯ ಉಪಪ್ರಭೇದ ಲಾಂಜಿಟ್ಯೂಬಸ್, ಪಶ್ಚಿಮ ಆಫ್ರಿಕಾದ ಕಾಡುಗಳದ್ದು, ಹೂವಿನ ಕೊಳವೆ ಉದ್ದ. ಅದು ಇಲ್ಲಿ ಸಿಕ್ಕುವ ಸಂಭವ ಕಡಿಮೆ, ಹಾಗಾಗಿ ಬದಿಗಿಟ್ಟೆ.

ಉಳಿದ ಎರಡರ ನಡುವಿನ ವ್ಯತ್ಯಾಸಕ್ಕೆ ಅವುಗಳ ತವರನ್ನು ನೋಡಬೇಕು. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು ಇದೇ. ಕ್ಯಾಥರೀನೆಯದು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿ: ಕ್ವಾಜುಲು ನಟಾಲ್, ಈಸ್ಟರ್ನ್ ಕೇಪ್ ಮತ್ತು ಪಕ್ಕದ ಎಸ್ವಾಟಿನಿ. ಸಮುದ್ರದ ತೇವ ಮುಟ್ಟುವ ಕಾಡಿನ ನೆರಳು ಅದರ ಜಾಗ. ಅಲ್ಲಿ ಅದು ಎಲೆಯನ್ನು ಬಹುಮಟ್ಟಿಗೆ ಉಳಿಸಿಕೊಂಡೇ ವರ್ಷ ಕಳೆಯುತ್ತದೆ, ಎಲೆಗಳ ನಡುವೆಯೇ ಹೂ ಬಿಡುತ್ತದೆ. ಗಿಡವೂ ದೊಡ್ಡದು, 120 ಸೆಂಟಿಮೀಟರ್ ತನಕ ಏರಬಲ್ಲದು. ಎಲೆಯ ಅಂಚು ಅಲೆಯಲೆಯಾಗಿರುತ್ತದೆ. ಮಲ್ಟಿಫ್ಲೋರಸ್ ಉಪಪ್ರಭೇದ ಹಾಗಲ್ಲ. ಸೆನೆಗಲ್‌ನಿಂದ ಸೊಮಾಲಿಯಾದವರೆಗೆ, ಅಲ್ಲಿಂದ ದಕ್ಷಿಣಕ್ಕೆ, ಹುಲ್ಲುಗಾವಲು ಬೆರೆತ ಕುರುಚಲು ಕಾಡುಗಳಲ್ಲಿ, ಬಂಡೆಯ ಮಗ್ಗುಲಲ್ಲಿ, ಗೆದ್ದಲು ಹುತ್ತಗಳ ಮೇಲೆ ಬೆಳೆಯುತ್ತದೆ. ಅಂಥ ನೆಲದಲ್ಲಿ ವರ್ಷದ ಹಲವು ತಿಂಗಳು ಒಂದು ಹನಿಯೂ ಬೀಳದೆ ಕಳೆಯುತ್ತವೆ. ಆಗ ಎಲೆ ಉದುರಿಸಿ ಗಡ್ಡೆಯಾಗಿ ಮಲಗುವುದೇ ಬದುಕುವ ದಾರಿ. ಮೊದಲ ಮಳೆಗೆ, ಎಲೆಗೆ ಮುಂಚೆ ಅಥವಾ ಎಲೆಯ ಜೊತೆಗೆ, ಹೂ ಏಳುತ್ತದೆ. ಗಿಡದ ಎತ್ತರ ಸುಮಾರು 65 ಸೆಂಟಿಮೀಟರ್ ಒಳಗೆ.

ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಮಳೆ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಅಲ್ಲಿ ಹೂವೂ ಆಗಲೇ. ನಮ್ಮಲ್ಲಿ ಏಪ್ರಿಲ್ ಕೊನೆಯ ಭರಣಿ, ಮೇ ನಡುವಿನ ಕೃತ್ತಿಕೆ. ಇದೇ ಕಾರಣಕ್ಕೆ ಇದಕ್ಕೆ ಮೇ ಫ್ಲವರ್ ಎನ್ನುವವರೂ ಇದ್ದಾರೆ, ಗುಲ್‌ಮೊಹರ್‌ಗೂ ಅದೇ ಹೆಸರಿದ್ದರೂ. ಗಿಡ ತಿಂಗಳನ್ನು ನೋಡುವುದಿಲ್ಲ, ಒಣಗಿ ಆಮೇಲೆ ನೆನೆದದ್ದನ್ನು ನೋಡುತ್ತದೆ. ಕಾಫಿ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯ ಒಣಗು ಸರಿಯಾಗಿ ಸಿಕ್ಕಿದ ಗಿಡದ ಮೇಲೆ ಹೂಮಳೆ ಬಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ದಕ್ಷಿಣ ಗೋಳಾರ್ಧದಲ್ಲಿ ಬರೆದ ತೋಟಗಾರಿಕೆ ಸಲಹೆಗಳನ್ನು ತಿಂಗಳ ಹೆಸರಿನ ಸಮೇತ ಎತ್ತಿಕೊಂಡು ಇಲ್ಲಿ ಪಾಲಿಸಬಾರದು ಎನ್ನುವುದೂ ಇದಕ್ಕೇ. ಅವರ ಚಳಿಗಾಲದ ಜೂನ್, ಜುಲೈನಲ್ಲಿ ಇಲ್ಲಿ ಮಳೆ ಹೊಯ್ಯುತ್ತಿರುತ್ತದೆ.

ಈಗ ಕುಂಡಕ್ಕೆ ಮರಳೋಣ. ಎಲೆಯ ಉದ್ದಗಲ ಹಿತ್ತಿಲದ್ದಕ್ಕೆ ಹತ್ತಿರ, ಅಂಚು ಹೆಚ್ಚು ಅಲೆಯಾಗಿರಲಿಲ್ಲ, ದಿಂಡು ಗಿಡ್ಡ. ಆದರೆ ಕುಂಡದಲ್ಲಿ ಸೊರಗಿದ ಗಿಡದ ಅಳತೆಯನ್ನು ಪೂರ್ತಿ ನಂಬಲಾಗದು. ನನಗೆ ಹೆಚ್ಚು ತೂಕದ ಸಾಕ್ಷಿಯಾಗಿ ಕಂಡದ್ದು ಬೇರೆ. ದಿನಾ ನೀರುಂಡರೂ ಈ ಗಡ್ಡೆಗಳು ಎಲೆ ಉದುರಿಸಿದವು. ಅದೂ ಹಿತ್ತಿಲ ಹಿಂಡು ಎಲೆ ಉದುರಿಸಿದ ಹದಿನೈದು ದಿನಗಳ ಆಚೀಚೆಯಲ್ಲೇ. ಹಿಂದಿನ ವರ್ಷವೂ ಹೀಗೇ ಆಗಿತ್ತೇ ಎಂದು ಕೇಳಿದೆ. "ಹೋದ ವರ್ಷವೂ ತುಳಸಿ ಪೂಜೆ ಕಳೆದ ಮೇಲೇ ಹಳದಿಯಾಗಿದ್ದು" ಎಂದರು ಅಕ್ಕ. ನೀರಿಲ್ಲದೆ ಎಲೆ ಒಣಗಿದ್ದರೆ ಅದರಿಂದ ಏನೂ ತೀರ್ಮಾನಿಸಲಾಗದು. ಒಣಗಿಸಿ ಚಳಿಗಿಟ್ಟರೆ ಕ್ಯಾಥರೀನೆಯೂ ಎಲೆ ಉದುರಿಸೀತು. ನೀರಿದ್ದೂ, ಎರಡು ವರ್ಷ ಒಂದೇ ಕಾಲಕ್ಕೆ, ಪಕ್ಕದ ಗುರುತು ಗೊತ್ತಿರುವ ಗಿಡದ ಜೊತೆಜೊತೆಗೇ ಒಣಗಿದ್ದರಿಂದ ನಾನು ಹೀಗೆ ಬರೆದುಕೊಂಡೆ: ಬಹುತೇಕ ಮಲ್ಟಿಫ್ಲೋರಸ್ ಉಪಪ್ರಭೇದ, ಹೂ ಬಂದ ಮೇಲೆ ಖಚಿತ. ಅಕ್ಕ ರೋಗವೆಂದು ಹೆದರಿದ್ದ ಆ ಹಳದಿ ಎಲೆಗಳೇ ಗಿಡದ ನಿಜವಾದ ಚೀಟಿ ಎಂದು ಅವರಿಗೆ ಹೇಳಿದೆ.

ಅದರ ಮೇಲೆ ಮಾಡಿದ ಕೆಲಸ ದೊಡ್ಡದೇನಲ್ಲ. ಅಂದಿನಿಂದಲೇ ನೀರು ನಿಲ್ಲಿಸಿದೆವು. ಎಲೆ ಮಲಗಿದ ಗಡ್ಡೆಗೆ ನೀರು ಎಳೆಯುವ ಕೆಲಸವಿಲ್ಲ. ಮಣ್ಣಲ್ಲಿ ನಿಂತ ನೀರು ಗಾಳಿಯನ್ನು ಹೊರದಬ್ಬುತ್ತದೆ, ಚಳಿಗೆ ಮಣ್ಣು ಬೇಗ ಆರುವುದೂ ಇಲ್ಲ, ಕೊಳೆಸುವ ಶಿಲೀಂಧ್ರಕ್ಕೆ ಇದಕ್ಕಿಂತ ಅನುಕೂಲ ಬೇಡ. ಮೆತ್ತಗಾದ ಗಡ್ಡೆಯನ್ನು ಕಿತ್ತು, ಗಟ್ಟಿ ಬಿಳಿ ಭಾಗ ಸಿಗುವ ತನಕ ಪದರ ಪದರವಾಗಿ ಕೆತ್ತಿದೆವು. ಬೇರು ಹೊರಡುವ ತಳಭಾಗ ಗಟ್ಟಿಯಾಗಿತ್ತು. ಅದು ಹೋಗಿದ್ದರೆ ಗಡ್ಡೆಯ ಆಸೆ ಬಿಡಬೇಕಿತ್ತು. ಗಾಯಕ್ಕೆ ಒಲೆಯ ಬೂದಿ ಸವರಿ, ನೆರಳಲ್ಲಿ ಗಾಯ ಒಣಗಿ ಸಿಪ್ಪೆಗಟ್ಟುವವರೆಗೆ ಇಟ್ಟೆವು. ಉಳಿದೆರಡನ್ನು ಕೀಳುವಾಗ ಬೇರು ಹರಿಯದಂತೆ ನೋಡಿಕೊಂಡೆವು. ಈ ಗಿಡದ ಬೇರುಗಳು ದಪ್ಪ, ಎಲೆ ಬಿದ್ದ ಮೇಲೂ ಜೀವಂತ. ಸಾಗಿಸಲು ಸುಲಭವೆಂದು ಅವನ್ನು ಕತ್ತರಿಸಿ ಮಾರುವ ರೂಢಿಯಿದೆ, ಬೇರು ಕಳೆದುಕೊಂಡ ಗಡ್ಡೆ ಚೇತರಿಸಿಕೊಳ್ಳಲೇ ಒಂದು ಮಳೆಗಾಲ ತೆಗೆದುಕೊಳ್ಳುತ್ತದೆ. ಇಲ್ಲಿ ಮೊದಲ ವರ್ಷ ಹೂವಾಗದ್ದಕ್ಕೆ ಅದೂ ಒಂದು ಕಾರಣ ಎನ್ನುವುದು ನನ್ನ ಊಹೆ.

ಹೊಸ ಮಿಶ್ರಣಕ್ಕೆ ಮಣ್ಣು ಎರಡು ಪಾಲು, ಹೊಳೆ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಒಂದಿಷ್ಟು ಇದ್ದಿಲ ಚೂರು. ಗಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಬರುವಂತೆ ನೆಟ್ಟೆವು. ಕುಂಡಗಳನ್ನು ಜಗುಲಿಯಿಂದ ತೆಗೆದು, ಬೆಳಗಿನ ಬಿಸಿಲಷ್ಟೇ ತಾಗುವ, ಮಳೆ ನೀರು ನೇರ ಬೀಳುವ ಜಾಗಕ್ಕೆ ಇಟ್ಟೆವು. ಉರಿಬಿಸಿಲಲ್ಲಿಟ್ಟರೆ ಕುಂಡದ ಮಣ್ಣು ಕಾದು ಆ ದಪ್ಪ ಬೇರುಗಳು ಬೇಯುತ್ತವೆ. ನೆಲದಲ್ಲಿರುವ ಗಡ್ಡೆಗೆ ಆ ಭಯವಿಲ್ಲ. ಆಮೇಲೆ ಅಕ್ಕನಿಗೆ ಹೇಳಿದ್ದು ಒಂದೇ: ಆಕಾಶದ ನೀರು ಬೀಳುವ ತನಕ ಬಿಂದಿಗೆಯ ನೀರು ಬೇಡ. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಬೇಸಿಗೆಯಲ್ಲಿ ಒಣಗಿದ ಕುಂಡದ ಮುಂದೆ ಬಿಂದಿಗೆ ಹಿಡಿದು ಸುಮ್ಮನೆ ಹಾದುಹೋಗುವುದು ಕೃಷಿಕರ ಮನೆಯವರಿಗೆ ಸುಲಭವಲ್ಲ.

ಆ ವರ್ಷ ಅಶ್ವಿನಿ ಮಳೆ ಕೈಕೊಟ್ಟಿತು, ಭರಣಿ ಎರಡು ದಿನ ಚೆನ್ನಾಗಿ ಹೊಡೆಯಿತು. ಹಿತ್ತಿಲ ಹಿಂಡು ಎಂದಿನಂತೆ ಎದ್ದಿತು. ಕುಂಡಗಳಲ್ಲಿ ಒಂದರಿಂದ ಮಾತ್ರ ಹೂದಂಡ ಬಂತು, ಎಲೆಯಿನ್ನೂ ಸುರುಳಿ ಬಿಚ್ಚಿರಲಿಲ್ಲ. ಎಲೆಗಿಂತ ಮುಂಚೆ ಹೂ, ಗಿಡ್ಡ ಹೂದಂಡ, ಮಡಚಿದ ಹೊದಿಕೆ ಎಲೆ, ಪೂರ್ಣ ಗೋಳ. ಪಕ್ಕದಲ್ಲಿ ಹಿತ್ತಿಲ ಹೂವೊಂದನ್ನು ಇಟ್ಟು ಹೋಲಿಸಿದೆ. ಎಸಳಿನ ಅಗಲ, ಕೊಳವೆಯ ಉದ್ದ, ಕೇಸರದ ಬಣ್ಣ, ಯಾವುದರಲ್ಲೂ ಬೇರೆ ಎನ್ನುವಂಥದ್ದಿರಲಿಲ್ಲ. ಹಿತ್ತಿಲಲ್ಲಿ ಪುಕ್ಕಟೆ ಬೆಳೆಯುತ್ತಿದ್ದ ಗಿಡವನ್ನೇ ಅಕ್ಕ ದುಡ್ಡು ಕೊಟ್ಟು ತರಿಸಿದ್ದರು. ಅವರಿಗೆ ಬೇಸರವಾಗಬಹುದೆಂದುಕೊಂಡಿದ್ದೆ. ಅವರು ಹೂವನ್ನೇ ನೋಡುತ್ತಾ ನಿಂತರು, ಹೆಸರಿನ ವಿಷಯ ಎತ್ತಲೇ ಇಲ್ಲ.

ಉಳಿದೆರಡು ಆ ವರ್ಷ ಎಲೆ ಮಾತ್ರ ಬಿಟ್ಟವು, ಅದು ನಿರೀಕ್ಷಿಸಿದ್ದೇ. ಮುಂದಿನ ವರ್ಷದ ಹೂಮೊಗ್ಗು ಗಡ್ಡೆಯೊಳಗೆ ರೂಪುಗೊಳ್ಳುವುದು ಈ ವರ್ಷದ ಎಲೆ ದುಡಿದ ಕೂಳಿನಿಂದ. ಹೂ ಮುಗಿದ ಮೇಲೆ ನಮ್ಮಲ್ಲಿ ಹಲವರು ಈ ಗಿಡವನ್ನು ಮರೆತೇಬಿಡುತ್ತಾರೆ, ಅಂಗಳ ಚೊಕ್ಕಟ ಮಾಡುವಾಗ ಎಲೆಯನ್ನೂ ಕತ್ತಿಯಲ್ಲಿ ಸವರುತ್ತಾರೆ. ನಿಜವಾದ ಆರೈಕೆ ಬೇಕಾದ ಕಾಲವೇ ಅದು. ಜೂನ್‌ನಿಂದ ಅಕ್ಟೋಬರ್ ತನಕ ಎಲೆ ಹಸಿರಾಗಿ ನಿಲ್ಲಬೇಕು. ಮಲೆನಾಡಿನ ಜಡಿಮಳೆಯಲ್ಲಿ ಕುಂಡದ ತೂತು ಕಟ್ಟದಂತೆ ನೋಡಬೇಕು, ಮಳೆ ಬಿಡುವು ಕೊಟ್ಟಾಗ ತಿಳಿಯಾದ ಗೊಬ್ಬರದ ನೀರು ಕೊಡಬೇಕು. ಕಪ್ಪು ಮೈಮೇಲೆ ಬಿಳಿ, ಕಿತ್ತಳೆ ಮಚ್ಚೆಯ ಲಿಲ್ಲಿ ಹುಳು ಕಂಡರೆ ಕೈಯಿಂದ ಆರಿಸಿ ತೆಗೆದರೆ ಸಾಕು. ತಡಮಾಡಿದರೆ ಎರಡೇ ರಾತ್ರಿಯಲ್ಲಿ ಎಲೆ ಬರೀ ನರವಾಗುತ್ತದೆ. ಅಕ್ಕ ಇದನ್ನೆಲ್ಲ ಮಾಡಿದರು. ಮರು ವರ್ಷದ ಮಳೆಗೆ ಎರಡು ಕುಂಡಗಳಲ್ಲಿ ಹೂ ಬಂತು. ಕೆತ್ತಿ ಉಳಿಸಿದ ಗಡ್ಡೆ ಇನ್ನೂ ಚಿಕ್ಕದಿದೆ, ಪಕ್ಕದಲ್ಲಿ ಎರಡು ಮರಿ ಬಿಟ್ಟಿದೆ.

ಸುವರ್ಣಗಡ್ಡೆಯ ಗೊಂದಲದ ಮಾತು ಬಾಕಿಯಿತ್ತು. ಈ ಗಡ್ಡೆ ವಿಷ. ಇದೇ ಕುಟುಂಬದ ಇತರ ಗಡ್ಡೆಗಳಂತೆ ಇದರಲ್ಲೂ ಲೈಕೋರಿನ್ ಮತ್ತಿತರ ಆಲ್ಕಲಾಯ್ಡ್ ಎಂಬ ವಿಷವಸ್ತುಗಳಿವೆ; ತಿಂದರೆ ವಾಂತಿ, ಭೇದಿ, ಪ್ರಮಾಣ ಹೆಚ್ಚಾದರೆ ಜೀವಕ್ಕೇ ಅಪಾಯ. ಆಫ್ರಿಕಾದ ಕೆಲವೆಡೆ ಇದನ್ನು ಬಾಣದ ವಿಷಕ್ಕೆ, ಮೀನು ಮತ್ತೇರಿಸಲು ಬಳಸುತ್ತಿದ್ದರು. ಅಕ್ಕನ ಹಿತ್ತಿಲಲ್ಲಿ ಈ ಹಿಂಡಿನಿಂದ ಹತ್ತು ಹೆಜ್ಜೆಗೆ ಸುವರ್ಣಗಡ್ಡೆಯ ಪಾತಿಯಿತ್ತು. ಮೊಳಕೆಯ ಚುಕ್ಕೆಯ ದಿಂಡು ನೋಡಿ ಕೆಲಸದವರು ಅಗೆದುಬಿಡುವ ಸಾಧ್ಯತೆ ನಿಜವಾಗಿತ್ತು. ವ್ಯತ್ಯಾಸ ಸರಳ: ಸುವರ್ಣಗಡ್ಡೆ ಒಳಗೆ ಇಡಿಯಾಗಿ ಗಟ್ಟಿ, ಇದು ಕೊಯ್ದರೆ ಈರುಳ್ಳಿಯ ಹಾಗೆ ಪದರ. ಹೀಗಿದ್ದರೂ ಪಾತಿಯನ್ನೇ ದೂರಕ್ಕೆ ಬದಲಿಸಿದೆವು. ದನ ಮೇಯುವ ಕಡೆಗೂ ಇದನ್ನು ನೆಡಬಾರದು. ಗಡ್ಡೆ ಕೆತ್ತುವಾಗ ಕೈಗೆ ಚೀಲ ಹಾಕಿಕೊಂಡಿದ್ದೆವು, ಕೆತ್ತಿದ್ದನ್ನು ಹೂತೆವು, ಗೊಬ್ಬರದ ಗುಂಡಿಗೆ ಹಾಕಲಿಲ್ಲ.

ಕುಂಡಗಳಿಗೆ ಹೊಸ ಚೀಟಿ ಬರೆದದ್ದು ಅಕ್ಕನ ಮಗಳು. ಸ್ಕ್ಯಾಡೋಕ್ಸಸ್ ಮಲ್ಟಿಫ್ಲೋರಸ್, ಉಪಪ್ರಭೇದ ಮಲ್ಟಿಫ್ಲೋರಸ್. ಎಲೆ ಹಳದಿಯಾದರೆ ನೀರು ನಿಲ್ಲಿಸಿ. ಮೊದಲ ಮಳೆಯವರೆಗೆ ಮುಟ್ಟಬೇಡಿ. ವಿಷ. ಮರಿಗಡ್ಡೆ ಕೇಳಿದ ನೆಂಟರಿಗೆ ಇದೇ ಚೀಟಿಯ ನಕಲನ್ನೂ ಕೊಡುತ್ತಾರೆ.

ಒಂದು ಪರೀಕ್ಷೆ ಇನ್ನೂ ನಡೆಯುತ್ತಿದೆ. ಹಿತ್ತಿಲ ಹಿಂಡು ಕಾಯಿ ಕಟ್ಟಿದ್ದು ಅಕ್ಕನಿಗೆ ನೆನಪಿಲ್ಲ. ಅದೆಲ್ಲ ಒಂದೇ ಗಡ್ಡೆಯ ಮರಿಗಳಿಂದ ಬೆಳೆದದ್ದು, ಬೇರೆ ಗಡ್ಡೆಯ ಪರಾಗ ಸಿಗದ್ದೇ ಕಾರಣವಿರಬಹುದು ಎಂದುಕೊಂಡೆ. ಕುಂಡದ್ದು ಬೇರೆಡೆಯಿಂದ ಬಂದದ್ದಾದ್ದರಿಂದ, ಎರಡನೆಯ ವರ್ಷ ಅದರ ಪರಾಗವನ್ನು ಹಿತ್ತಿಲ ಹೂಗಳಿಗೆ ಬತ್ತಿಯ ತುದಿಯಿಂದ ಮುಟ್ಟಿಸಿದೆವು. ಕೆಲವು ಹೂಗಳ ಬುಡ ಉಬ್ಬಿ, ಹಸಿರು ಕಾಯಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಪಾದವು. ತಿರುಳು ತೊಳೆದು, ಬೀಜಗಳನ್ನು ಒಣಗಿಸದೆ ಅಂದೇ ಮಣ್ಣಿನ ಮೇಲೆ ಒತ್ತಿಟ್ಟೆವು, ಒಣಗಿಸಿ ಕಾದಿಟ್ಟರೆ ಇವು ಸಾಯುತ್ತವೆ. ಈಗ ಒಂದೊಂದೇ ಎಲೆಯ ಸಸಿಗಳಿವೆ. ಇವಕ್ಕೆ ಮಾತ್ರ ಮೊದಲ ಚಳಿಗಾಲದಲ್ಲಿ ಪೂರ್ತಿ ಒಣಗು ಕೊಡುವುದಿಲ್ಲ, ಮಲಗಿ ಬದುಕುವಷ್ಟು ಗಡ್ಡೆ ಇನ್ನೂ ಕಟ್ಟಿಲ್ಲ. ವಾರಕ್ಕೊಮ್ಮೆ ಮಣ್ಣಿನ ಮೇಲ್ಪದರ ನೆನೆಯುವಷ್ಟು ನೀರು ಚಿಮುಕಿಸಲು ಅಕ್ಕನಿಗೆ ಹೇಳಿದ್ದೇನೆ. ಹೂವಿಗೆ ಇನ್ನೂ ಮೂರರಿಂದ ಐದು ವರ್ಷ ಬೇಕು.